ನೆರೆಮನೆಯ ಹುಡುಗನಿಗೆ ಸೀರೆ ಉಡಿಸಿಕೊಡಲೇ?

ಕಲ್ಯಾಣಪುರದವಳು:
ನಾನು ಉಡುಪಿ ಕಡೆಯ ಕಥೋಲಿಕ ಕುಟುಂಬದವಳು, ವೃತ್ತಿಯಿಂದ ನರ್ಸ್. ಈಗಿರುವುದು ಅಮೆರಿಕದ ಇಂಡಿಯಾನಾ ರಾಜ್ಯದ ದಕ್ಷಿಣ ಅಂಚಿನಲ್ಲಿ, ಓಹಾಯೋ ನದಿಗೆ ಹತ್ತಿರದ ಸಣ್ಣ ಊರೊಂದರಲ್ಲಿ. ಯಾರ ಮನೆಯ ಮುಂದೆ ಯಾರ ಕಾರು ನಿಂತಿತ್ತು ಎಂಬುದು ಭಾನುವಾರದ ಪೂಜೆಯ ಹೊತ್ತಿಗೆ ಇಡೀ ಊರಿಗೆ ಗೊತ್ತಿರುತ್ತದೆ. ಆ ವಿಷಯದಲ್ಲಿ ಊರಿನ ನಮ್ಮ ವಾಳೆಯನ್ನು (ಒಂದೇ ಚರ್ಚಿನ ಅಕ್ಕಪಕ್ಕದ ಮನೆಗಳ ಗುಂಪು) ಬಿಟ್ಟು ಬಂದಂತೆಯೇ ಅನಿಸುವುದಿಲ್ಲ.

ಪಕ್ಕದ ಮನೆಯವರು ಮೆಥಡಿಸ್ಟರು, ಪ್ರಾಟೆಸ್ಟಂಟರಲ್ಲೊಂದು ಪಂಗಡದವರು. ಆ ಮನೆಯ ತಾಯಿ ಅವರ ಚರ್ಚಿನ ಗಾಯನವೃಂದದಲ್ಲಿದ್ದಾರೆ. ನನ್ನ ಹೆರಿಗೆಯ ಸಮಯದಲ್ಲಿ ಅಮ್ಮನಿಗೆ ವೀಸಾ ಸಿಗದೇ ಹೋದಾಗ ಹೊತ್ತುಹೊತ್ತಿಗೆ ಬಿಸಿ ಸೂಪು ತಂದುಕೊಟ್ಟವರು ಅವರೇ. ಅವರ ಮಗ ಹಗಲು ಟೈರ್ ಅಂಗಡಿಯಲ್ಲಿ ದುಡಿಯುತ್ತಾನೆ, ವಾರಾಂತ್ಯದಲ್ಲಿ ಹತ್ತಿರದ ನಗರದಲ್ಲಿ ಡ್ರ್ಯಾಗ್ ಪ್ರದರ್ಶನ ಕೊಡುತ್ತಾನೆ. ವಿಗ್, ಹೆಣ್ಣುಡುಗೆ, ಗೇಣುದ್ದ ಹಿಮ್ಮಡಿಯ ಬೂಟು, ಹಾಡಿಗೆ ತುಟಿಯಾಡಿಸುತ್ತ ಕುಣಿತ. ಬಡವರಿಗೆ ದಿನಸಿ ಹಂಚುವ ನಿಧಿಗಾಗಿ ಮುಂದಿನ ತಿಂಗಳು ಇದೇ ಊರಿನ ಸಮುದಾಯ ಭವನದಲ್ಲಿ ಅವನ ಕಾರ್ಯಕ್ರಮವಿದೆ. ಈ ಸಲ ಸೀರೆ ಉಡುವ ಆಸೆಯಂತೆ. "ಉಡಿಸಿಕೊಡುತ್ತೀರಾ?" ಎಂದು ಬಾಗಿಲಿಗೆ ಬಂದು ಕೇಳಿದ. ಉಗುರಿನ ಸಂದಿಯಲ್ಲಿ ಇನ್ನೂ ಟೈರಿನ ಮಸಿ ಇತ್ತು.

ನಮ್ಮ ಶುಕ್ರವಾರದ ಜಪಸರದ ಗುಂಪಿನಲ್ಲಿ ಒಬ್ಬರ ಬಳಿ ಹೇಳಿ ನೋಡಿದೆ. ಸೀರೆ ಕೊಟ್ಟವಳಿಗೂ ಪಾಪದಲ್ಲಿ ಪಾಲು ಎಂದರು. ಗಂಡ "ನೀನುಂಟು, ನಿನ್ನ ಸೀರೆಯುಂಟು" ಎಂದು ಹೇಳಿ ಕ್ರಿಕೆಟ್ಟಿಗೆ ಮರಳಿದರು. ಪಾಪದ ಭಯ ನನಗೆ ಅಷ್ಟಿಲ್ಲ. ಮಗಳು ಮೊದಲ ಪರಮಪ್ರಸಾದ ಸ್ವೀಕರಿಸುವ ವರ್ಷ ಇದು, ಅವಳ ಬಗ್ಗೆ ನಾಲ್ಕು ಮಾತು ಬರಬಾರದೆಂಬ ಅಳುಕು. ಇಂಥದ್ದನ್ನು ಕಂಡವರು ಯಾರಾದರೂ ಇದ್ದೀರಾ?

ವಚನಪಾಠಕ:
ಬೈಬಲಿನ ಧರ್ಮೋಪದೇಶಕಾಂಡ 22:5 ತೆರೆದು ಓದಿ. ಗಂಡಸು ಹೆಂಗಸಿನ ಉಡುಪು ಧರಿಸಬಾರದು ಎಂದು ಸ್ಪಷ್ಟವಾಗಿದೆ. ಮಧ್ಯಯುಗದ ದೈವಶಾಸ್ತ್ರಜ್ಞ ಸಂತ ಥಾಮಸ್ ಅಕ್ವಿನಾಸರೂ ಅದನ್ನು ಪಾಪವೆಂದೇ ಬರೆದಿದ್ದಾರೆ. ಹುಡುಗನನ್ನು ದ್ವೇಷಿಸಿ ಎಂದು ನಾನು ಹೇಳುತ್ತಿಲ್ಲ. ಅವನಿಗೆ ಕಾಯಿಲೆಯಾದರೆ ಆರೈಕೆ ಮಾಡಿ, ಊಟಕ್ಕೆ ಕರೆಯಿರಿ. ಸೀರೆ ಮಾತ್ರ ಉಡಿಸಬೇಡಿ.

ಚೌಕಿಯವನು:
ವಚನಪಾಠಕರು ಅಕ್ವಿನಾಸರನ್ನು ಅರ್ಧ ದಾರಿಯಲ್ಲಿ ಇಳಿಸಿಬಿಟ್ಟಿದ್ದಾರೆ. ಅನ್ಯದೇವತೆಗಳ ಆರಾಧನೆಯಲ್ಲಿ ಇಂಥ ವೇಷ ಬಳಕೆಯಲ್ಲಿತ್ತು, ಆ ಕಾರಣಕ್ಕೆ ಧರ್ಮಶಾಸ್ತ್ರ ಅದನ್ನು ವಿಶೇಷವಾಗಿ ತಡೆಯಿತು ಎಂಬ ವಿವರಣೆ ಅದೇ ಜಾಗದಲ್ಲಿದೆ. ಶತ್ರುಗಳಿಂದ ತಲೆಮರೆಸಿಕೊಳ್ಳಲು, ಬೇರೆ ಬಟ್ಟೆಯಿಲ್ಲದಾಗ, ಅಂಥ ಅಗತ್ಯಗಳಲ್ಲಿ ಪಾಪವಿಲ್ಲವೆಂದೂ ಇದೆ. ಆ ಪಟ್ಟಿಯಲ್ಲಿ ರಂಗಭೂಮಿ ಇಲ್ಲ, ಒಪ್ಪುತ್ತೇನೆ. ಆದರೆ ಅದೇ 22ನೆಯ ಅಧ್ಯಾಯದಲ್ಲಿ ಉಣ್ಣೆಯನ್ನೂ ನಾರನ್ನೂ ಬೆರೆಸಿದ ಬಟ್ಟೆ ತೊಡಬಾರದು, ಹೊದಿಕೆಯ ನಾಲ್ಕು ಮೂಲೆಗೂ ಗೊಂಡೆ ಕಟ್ಟಬೇಕು ಎಂದೂ ಇದೆ. ಗೊಂಡೆ ಕಟ್ಟಿಕೊಂಡು ಪೂಜೆಗೆ ಬಂದ ಕಥೋಲಿಕನನ್ನು ನಾನಂತೂ ಕಂಡಿಲ್ಲ. ಇನ್ನು ಫ್ರಾನ್ಸಿನ ವೀರವನಿತೆ ಜೋನ್ ಆಫ್ ಆರ್ಕ್. 1431ರಲ್ಲಿ ಆಕೆಯನ್ನು ಸುಡುವಾಗ ಗಂಡುಡುಗೆಯೂ ಆರೋಪಗಳಲ್ಲೊಂದು. 1456ರಲ್ಲಿ ಆ ತೀರ್ಪು ರದ್ದಾಯಿತು, 1920ರಲ್ಲಿ ಆಕೆ ಸಂತಳಾದಳು.

ವಚನದ ಮಾತು ಸಾಕು. ನಾನು ಕಾರ್ಕಳ ಕಡೆಯ ಕ್ರೈಸ್ತ, ಹವ್ಯಾಸಿ ಯಕ್ಷಗಾನ ತಂಡದಲ್ಲಿ ಸ್ತ್ರೀವೇಷ ಮಾಡುತ್ತಿದ್ದವನು. ನಮ್ಮ ಚರ್ಚಿನ ವಾರ್ಷಿಕೋತ್ಸವದ ಪ್ರಹಸನದಲ್ಲಿ ಗುರಿಕಾರರೊಬ್ಬರು, ಅಂದರೆ ವಾಳೆಯ ಮುಖಂಡರು, ನೈಟಿ ತೊಟ್ಟು, ಎದೆಗೆ ಗೆರಟೆ ಕಟ್ಟಿಕೊಂಡು, ಪಾದ್ರಿಗಳ ಎದುರೇ ಸೊಂಟ ಕುಣಿಸುತ್ತಿದ್ದರು. ಹೆಂಗಸರೂ ಮಕ್ಕಳೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆಗ ಯಾರಿಗೂ ಧರ್ಮೋಪದೇಶಕಾಂಡ ನೆನಪಾಗಲಿಲ್ಲ. ನಾನು ಅಂಬೆಯ ವೇಷ ಕಟ್ಟಿದೆ. ಸಾಲ್ವ ಬೇಡವೆಂದ ಮೇಲೆ ಅವಳು ಭೀಷ್ಮನೆದುರು ಬಂದು ನಿಲ್ಲುತ್ತಾಳಲ್ಲ, ಆ ಭಾಗ. ಒಳ್ಳೆಯ ಆಟ, ಮುಂದಿನ ಸಾಲಿನವರು ಕಣ್ಣೊರೆಸಿಕೊಂಡರು. ಬೆಳಗಿನ ಜಾವ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆದೆ. ಬಣ್ಣ ಹೋಗುತ್ತದೆ, ಕಾಡಿಗೆ ಮಾತ್ರ ರೆಪ್ಪೆಯ ಬುಡದಲ್ಲಿ ಒಂದು ಗೆರೆಯಾಗಿ ಉಳಿದುಬಿಡುತ್ತದೆ. ಆ ಕಣ್ಣಿನಲ್ಲೇ ಭಾನುವಾರದ ಪೂಜೆಗೆ ಹೋದೆ. ಬೆಂಚಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ಸಂಬಂಧ ನೋಡುತ್ತಿದ್ದ ಮನೆಯವರು ಸುಮ್ಮನಾದರು.

ಬಟ್ಟೆ ಇಬ್ಬರದೂ ಹೆಣ್ಣಿನದೇ. ಗುರಿಕಾರರು ಹೆಣ್ಣನ್ನು ನಗೆಪಾಟಲು ಮಾಡಿದರು, ಹಾಗಾಗಿ ಅವರ ಗಂಡಸುತನಕ್ಕೆ ಏನೂ ಆಗಲಿಲ್ಲ. ನಾನು ಅಂಬೆಯ ಸಿಟ್ಟನ್ನು ಸಿಟ್ಟಾಗಿಯೇ ಆಡಿದೆ. ಜನರಿಗೆ ತಡೆಯಲಾಗದ್ದು ಅದು.

ನಿಮ್ಮ ಊರಿನವರಿಗೂ ಇದು ಹೊಸದಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಅಮೆರಿಕದ, ಅದರಲ್ಲೂ ದಕ್ಷಿಣ ರಾಜ್ಯಗಳ ಸಣ್ಣ ಊರುಗಳಲ್ಲಿ 'ವುಮನ್‌ಲೆಸ್ ವೆಡ್ಡಿಂಗ್' ಎಂಬ ಅಣಕು ಮದುವೆ ಬಹಳ ಜನಪ್ರಿಯವಾಗಿತ್ತು. ಮದುಮಗಳು, ಅವಳ ಗೆಳತಿಯರು, ಅಳುವ ತಾಯಿ, ಎಲ್ಲರೂ ಊರಿನ ಪ್ರತಿಷ್ಠಿತ ಗಂಡಸರೇ. ಬಂದ ಹಣ ಚರ್ಚಿಗೆ, ಶಾಲೆಗೆ. ಪಕ್ಕದ ಮನೆಯ ಹುಡುಗ ಮಾಡುತ್ತಿರುವುದೂ ನಿಧಿಸಂಗ್ರಹವೇ.

ಒಂದು ಮಾತು ಮುಚ್ಚಿಡಬಾರದು. ಸ್ತ್ರೀವೇಷವೂ ಡ್ರ್ಯಾಗೂ ಒಂದೇ ಅಲ್ಲ. ನಾನು ಅಂಬೆಯ ಹಿಂದೆ ಅಡಗಬಹುದು, ಪುರಾಣವೇ ನನ್ನ ಪರವಾಗಿ ಜಾಮೀನು ನಿಲ್ಲುತ್ತದೆ. ಅವನು ತಾನೇ ಕಟ್ಟಿಕೊಂಡ ಹೆಣ್ಣಿನ ಹೆಸರಿನಲ್ಲಿ, ತನ್ನೂರಿನವರ ಎದುರು ನಿಲ್ಲುತ್ತಾನೆ. ಅದು ಸಲಿಂಗಿಗಳ ಬದುಕಿನ ನಡುವೆ ಬೆಳೆದ ಕಲೆ. ಅದನ್ನು "ನಮ್ಮ ಯಕ್ಷಗಾನವಿದ್ದಂತೆ" ಎಂದು ಜಪಸರದ ಗುಂಪಿಗೆ ಹೇಳಿ ಪಾರಾಗಲು ನೋಡಬೇಡಿ.

ನ್ಯಾಶ್ವಿಲ್ ಕನ್ನಡಿಗ:
ಭಾವುಕರಾಗುವ ಮೊದಲು ನಿಮ್ಮ ಪಕ್ಕದಲ್ಲೇ ನಡೆದದ್ದನ್ನು ತಿಳಿದುಕೊಳ್ಳಿ. ಎವನ್ಸ್‌ವಿಲ್ ಬಳಿಯ ನ್ಯೂಬರ್ಗ್‌ನ ಮೆಥಡಿಸ್ಟ್ ಪಾದ್ರಿ ಕ್ರೇಗ್ ಡ್ಯೂಕ್ 2021ರಲ್ಲಿ ಎಚ್‌ಬಿಒ ವಾಹಿನಿಯ ಕಾರ್ಯಕ್ರಮವೊಂದರಲ್ಲಿ ಡ್ರ್ಯಾಗ್ ವೇಷ ತೊಟ್ಟು ಕಾಣಿಸಿಕೊಂಡರು. ಮಗಳ ಬೆಂಬಲಕ್ಕೆ ನಿಲ್ಲುವುದು ಅವರ ಉದ್ದೇಶವಾಗಿತ್ತು. ಪ್ರಸಾರವಾದ ಕೆಲವೇ ವಾರಗಳಲ್ಲಿ ಅವರು ಆ ಚರ್ಚಿನ ಸೇವೆಯಿಂದ ಹೊರಗಿದ್ದರು. ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಸಭೆಯೇ ಸಲಿಂಗಿಗಳ ಕುರಿತ ಜಗಳದಲ್ಲಿ ಒಡೆಯಿತು. 2019ರಿಂದ 2023ರ ನಡುವೆ ಸುಮಾರು 7,600 ಚರ್ಚುಗಳು, ಅಂದರೆ ನಾಲ್ಕರಲ್ಲೊಂದು, ಬಿಟ್ಟುಹೋದವು. 2024ರಲ್ಲಿ ಉಳಿದವರು ಸೇರಿ ಸಲಿಂಗಿಗಳಿಗೆ ಪಾದ್ರಿದೀಕ್ಷೆ ಕೊಡಬಾರದೆಂಬ ನಿಷೇಧವನ್ನು ತೆಗೆದುಹಾಕಿದರು.

ನಮ್ಮ ಟೆನೆಸ್ಸಿಯಲ್ಲಿ 2023ರ ಮಾರ್ಚ್‌ನಲ್ಲಿ ಇಂಥ ಪ್ರದರ್ಶನಗಳನ್ನು ನಿರ್ಬಂಧಿಸುವ ಕಾನೂನು ಬಂತು. ಅದೇ ಹೊತ್ತಿಗೆ ಗವರ್ನರ್ ಬಿಲ್ ಲೀ ಅವರದೆನ್ನಲಾದ 1977ರ ಶಾಲಾ ಚಿತ್ರವೊಂದು ಹರಿದಾಡಿತು: ಗಿಡ್ಡ ಲಂಗ, ವಿಗ್, ಮುತ್ತಿನ ಸರ. ಅದನ್ನು ಇದಕ್ಕೆ ಹೋಲಿಸುವುದೇ ಹಾಸ್ಯಾಸ್ಪದ ಎಂದು ಅವರು ಗದರಿದರು. ಚೌಕಿಯವನು ಹೇಳಿದ ಗುರಿಕಾರರು ಇಲ್ಲೂ ಇದ್ದಾರೆ ಎಂದಾಯಿತು.

ನನ್ನ ಸಲಹೆ ಒಂದೇ. ಸೀರೆಗಿಂತ ಮೊದಲು ಹುಡುಗನ ತಾಯಿಯನ್ನು ಕೇಳಿ. ಬೆಲೆ ತೆರಬೇಕಾಗಿ ಬಂದರೆ ನಿಮಗಿಂತ ಮೊದಲು ತೆರುವವರು ಅವರು.

ವಚನಪಾಠಕ:
ಗೊಂಡೆಯ ಮಾತು ಚೆನ್ನಾಗಿದೆ, ಆದರೆ ಉತ್ತರವಲ್ಲ. ಹಳೆಯ ಒಡಂಬಡಿಕೆಯಲ್ಲಿ ಆಚಾರದ ನಿಯಮ ಬೇರೆ, ನೀತಿಯ ನಿಯಮ ಬೇರೆ. ನನ್ನ ನಿಲುವು ಬದಲಾಗಿಲ್ಲ. ಬೆಂಚು ಖಾಲಿ ಬಿಟ್ಟವರು ಮಾಡಿದ್ದು ಮಾತ್ರ ತಪ್ಪು. ನಾನಿದ್ದಿದ್ದರೆ ಪಕ್ಕದಲ್ಲಿ ಕೂತು ವಾದ ಮಾಡುತ್ತಿದ್ದೆ.

ಚೌಕಿಯವನು:
ಪೂಜೆ ಮುಗಿದ ಮೇಲೆ ಮಾಡಿ ಸ್ವಾಮಿ. ಕಾಫಿ ನನ್ನದು.

ಕಲ್ಯಾಣಪುರದವಳು:
ತಾಯಿಯೊಡನೆ ಮಾತನಾಡಿದೆ. ಗಾಯನವೃಂದದಲ್ಲಿ ಇಬ್ಬರು ಅವರೊಡನೆ ಮಾತು ಬಿಟ್ಟಿದ್ದಾರಂತೆ. "ಮಾತು ಬಿಟ್ಟವರಲ್ಲಿ ಒಬ್ಬಳಿಗೆ ಶ್ರುತಿಯೇ ನಿಲ್ಲುತ್ತಿರಲಿಲ್ಲ" ಎಂದು ನಕ್ಕರು. ಕಾರ್ಯಕ್ರಮದ ದಿನ ಬಾಗಿಲಲ್ಲಿ ಟಿಕೆಟ್ ಹರಿಯುವವರು ಅವರೇ. ಹಾಗಾಗಿ ಉಡಿಸುತ್ತೇನೆ. ಶುಕ್ರವಾರ ಜಪಸರ ಮುಗಿದ ಮೇಲೆ ಗುಂಪಿಗೂ ನಾನೇ ಹೇಳುತ್ತೇನೆ, ಬೇರೆಯವರ ಬಾಯಿಂದ ಉಪ್ಪು ಖಾರ ಹಚ್ಚಿಸಿಕೊಂಡು ಹೋಗುವುದು ಬೇಡ. ಮಗಳಿಗೂ ಹೇಳಿಯಾಯಿತು. ಅವಳಿಗಿದ್ದ ಒಂದೇ ಪ್ರಶ್ನೆ, ಅವನಿಗೂ ಬಳೆ ಇರುತ್ತದೆಯೇ ಎಂಬುದು.

ಚೌಕಿಯವರೇ, ಈಗ ಕೆಲಸದ ಮಾತು. ಅವನ ಎತ್ತರ ಆರಡಿಗಿಂತ ಹೆಚ್ಚು, ಅದರ ಮೇಲೆ ಆ ಹಿಮ್ಮಡಿ. ಆರು ಗಜದ ಮೈಸೂರು ಸಿಲ್ಕ್ ನೆಲ ಮುಟ್ಟುವುದಿಲ್ಲ. ಕುಣಿಯುವಾಗ ನಿರಿಗೆ ಬಿಚ್ಚದಂತೆ ಪಿನ್ನು ಸಾಕೇ, ಹೊಲಿದೇಬಿಡಲೇ?

ಚೌಕಿಯವನು:
ಸಿಲ್ಕ್ ಬೇಡ, ಜಾರುತ್ತದೆ. ಹತ್ತಿಯ ಸೀರೆ ತೆಗೆದುಕೊಳ್ಳಿ, ಒಳಲಂಗಕ್ಕೆ ಸೇರಿಸಿ ನಿರಿಗೆ ಹೊಲಿಯಿರಿ. ಎತ್ತರಕ್ಕೆ ಕೆಳಗೆ ಬೇರೆ ಬಣ್ಣದ ಅಂಚು ಕೊಡಿ, ವೇದಿಕೆಯ ಬೆಳಕಿನಲ್ಲಿ ಬೇಕೆಂದೇ ಮಾಡಿಸಿದಂತೆ ಕಾಣುತ್ತದೆ. ಸೆರಗಿಗೆ ಭುಜದಲ್ಲಿ ಎರಡು ಪಿನ್ನು, ಒಂದು ಒಳಗಿನಿಂದ. ಆ ಬೂಟಿನಲ್ಲೇ ಒಮ್ಮೆ ಮೆಟ್ಟಿಲು ಹತ್ತಿಸಿ ನೋಡಿ.