ಅಪ್‌ಡೇಟ್: ಎಲ್‌ಎಲ್ ಪರೀಕ್ಷೆ ಪಾಸಾಯ್ತು

ರಸ್ತೆ ಚಿಹ್ನೆಗಳೆಲ್ಲ ಕಲಸಿಹೋಗುತ್ತಿವೆ, ಎಲ್‌ಎಲ್ (ಗಾಡಿ ಓಡಿಸಲು ಕಲಿಯುವವರ ಲೈಸೆನ್ಸ್) ಪರೀಕ್ಷೆಗೆ ಹೇಗೆ ಓದಲಿ ಎಂದು ಕೇಳಿದ್ದೆ ಅಲ್ವಾ? ಪಾಸಾದೆ! ಮೊದಲು ಆಕಾರ ನೋಡಿ ಎಂದವರಿಗೆ ತುಂಬಾ ಥ್ಯಾಂಕ್ಸ್. ವೃತ್ತ ಇದ್ದರೆ ಪಾಲಿಸಲೇಬೇಕು, ಕೆಂಪು ಅಂಚಿನ ತ್ರಿಕೋನ ಎಚ್ಚರಿಕೆ, ನೀಲಿ ಚೌಕ ಮಾಹಿತಿ. ತಲೆಕೆಳಗಾದ ತ್ರಿಕೋನ ಮಾತ್ರ ಬೇರೆ, ಅದು ‘ದಾರಿ ಬಿಡಿ’.

ಉಡುಪಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿದು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್ ದಾಟುವಾಗ ಹೆದ್ದಾರಿ 66ರ ಬೋರ್ಡುಗಳನ್ನು ಒಂದೊಂದಾಗಿ ಗುರುತಿಸುತ್ತಿದ್ದೆ. ಸುಮ್ನೆ ಪುಸ್ತಕ ಉರುಹೊಡೆಯುವುದಕ್ಕಿಂತ ಅದೇ ಜಾಸ್ತಿ ತಲೆಗೆ ಹತ್ತಿತು. ಸರ್ಕಲ್ ಒಳಗೆ ಆಗಲೇ ಇರುವ ಗಾಡಿಗೆ ದಾರಿ ಬಿಡಬೇಕು ಎಂಬುದನ್ನೂ ಚೆನ್ನಾಗಿ ಓದಿಕೊಳ್ಳಿ, ಇದು ಪರೀಕ್ಷೆಗಷ್ಟೇ ಅಲ್ಲ, ಜೀವಕ್ಕೂ ಬೇಕು.

ಎಲ್‌ಎಲ್ 6 ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಡಿಎಲ್ (ಡ್ರೈವಿಂಗ್ ಲೈಸೆನ್ಸ್) ಟೆಸ್ಟ್. ಈಗ ‘ಎಲ್’ ಬೋರ್ಡ್ ಅಂಟಿಸಿ, ಲೈಸೆನ್ಸ್ ಇರುವ ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಯುತ್ತಿದ್ದೇನೆ.