ಸಂಪಿನ ಮೋಟಾರಿನ ರಿಮೋಟಿಗೆ ಮನೆಯಲ್ಲೇ ಕಟ್ಟಿದ ರೇಡಿಯೋ ಸೇತುವೆ

ಪ್ರಶ್ನೆ (ಕುವೆಂಪುನಗರ, ಮೈಸೂರು):
ನಮ್ಮ ಸಂಪಿನ ಮೋಟಾರಿಗೆ 433.92 ಮೆಗಾಹರ್ಟ್ಸ್‌ನ, ಒಂದೇ ಗುಂಡಿಯ ರಿಮೋಟ್ ಇದೆ; ಅದೇ ಗುಂಡಿ ಒಮ್ಮೆ ಒತ್ತಿದರೆ ಮೋಟಾರು ಓಡುತ್ತದೆ, ಮತ್ತೊಮ್ಮೆ ಒತ್ತಿದರೆ ನಿಲ್ಲುತ್ತದೆ. ಮಂಡಿನೋವಿನ ನಮ್ಮ ತಾಯಿಯವರು ಕುಳಿತಲ್ಲಿಂದಲೇ ಮೊಬೈಲಿನಲ್ಲಿ ನೀರು ಬಿಡುವಂತಾಗಲೆಂದು, ಇಎಸ್‌ಪಿ32 ಬೋರ್ಡಿಗೆ (ವೈಫೈ ಇರುವ ಪುಟ್ಟ ನಿಯಂತ್ರಕ ಚಿಪ್ಪಿನ ಬೋರ್ಡು) ಅಗ್ಗದ ಟ್ರಾನ್ಸ್‌ಮಿಟರ್ ಮತ್ತು ರಿಸೀವರ್ ಜೋಡಿಸಿದ್ದೇನೆ. ಗುಂಡಿಯ ಕೋಡ್ ಸರಿಯಾಗಿ ಸಿಕ್ಕಿದೆ. ಮೋಟಾರಿನ ಪೆಟ್ಟಿಗೆಯ ಪಕ್ಕದಲ್ಲಿ ಹಿಡಿದರೆ, ಮೋಟಾರನ್ನು ಚಾಲೂ-ಬಂದ್ ಮಾಡುವ ವಿದ್ಯುತ್ ಸ್ವಿಚ್ಚಾದ ರಿಲೇ ಟಕ್ಕೆನ್ನುತ್ತದೆ. ನಡುಮನೆಯಿಂದ, ಎರಡೇ ಗೋಡೆಗಳಾಚೆಗೆ, ಏನೂ ಆಗುವುದಿಲ್ಲ. ಎಲ್ಲಿ ತಪ್ಪಿದ್ದೇನೆ?

ಉತ್ತರ 1 (ಮಂಡ್ಯ):
ಟ್ರಾನ್ಸ್‌ಮಿಟರಿಗೆ ಆಂಟೆನಾ ಬೆಸುಗೆ ಹಾಕಿದ್ದೀರಾ? ಈ ಆವರ್ತನದ ತರಂಗದ ಉದ್ದ ಸುಮಾರು 69 ಸೆಂಟಿಮೀಟರ್ ಆಗಿರುವುದರಿಂದ, ಅದರ ಕಾಲುಭಾಗವಾದ 17.3 ಸೆಂಟಿಮೀಟರ್ ಉದ್ದದ ಒಂಟಿ ಎಳೆಯ ತಾಮ್ರದ ತಂತಿಯನ್ನು, ಸುರುಳಿ ಸುತ್ತದೆ, ನೆಟ್ಟಗೆ ನಿಲ್ಲಿಸಬೇಕು. ಟ್ರಾನ್ಸ್‌ಮಿಟರಿಗೆ 3.3 ವೋಲ್ಟ್ ಬದಲು 5 ವೋಲ್ಟ್ ಕೊಡಿ. ರಿಸೀವರನ್ನೂ 5 ವೋಲ್ಟ್‌ನಲ್ಲಿ ನಡೆಸುವುದಾದರೆ ಅದರ ಡೇಟಾ ತಂತಿಯನ್ನು ನೇರವಾಗಿ ಇಎಸ್‌ಪಿ32ಕ್ಕೆ ಸೇರಿಸಬೇಡಿ. ಆ ಚಿಪ್ಪಿನ ಪಿನ್ನುಗಳು ತಡೆಯುವುದು 3.3 ವೋಲ್ಟ್ ಮಾತ್ರ, ಎರಡು ರೆಸಿಸ್ಟರುಗಳಿಂದ ಇಳಿಸಿಕೊಳ್ಳಿ.

ಉತ್ತರ 2 (ಸರಸ್ವತಿಪುರಂ, ಮೈಸೂರು):
ದೂರಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಆ ಒಂದೇ ಗುಂಡಿ. ಈ ಸಂವಹನ ಏಕಮುಖವಾದದ್ದು. ಒಮ್ಮೆ ಸಂಕೇತ ತಪ್ಪಿದರೂ ಮೊಬೈಲು 'ನಿಂತಿದೆ' ಎಂದು ತೋರಿಸುತ್ತಿರುವಾಗಲೇ ಮೋಟಾರು ಓಡುತ್ತಿರಬಹುದು, ಸಂಪು ಬರಿದಾಗಿ ಪಂಪು ಸುಟ್ಟೀತು. ಮೋಟಾರಿನ ತಂತಿಗೆ ಕ್ಲಿಪ್ಪಿನಂಥ ಕರೆಂಟ್ ಸೆನ್ಸರ್ ತೊಡಿಸಿ, ನಿಜಸ್ಥಿತಿಯನ್ನು ಅದರಿಂದಲೇ ಓದಿ. ಸಂಪಿನೊಳಗೆ, ನೀರು ಇಳಿದಾಗ ಮೋಟಾರನ್ನು ತಾನೇ ನಿಲ್ಲಿಸುವ ತೇಲುವ ಸ್ವಿಚ್ (ಫ್ಲೋಟ್ ಸ್ವಿಚ್) ಇರಲೇಬೇಕು.

ಪ್ರಶ್ನೆ ಕೇಳಿದವರು:
ಆಂಟೆನಾದ ರಂಧ್ರ ಖಾಲಿಯೇ ಇತ್ತು. ತಂತಿ ಬೆಸೆದ ಮೇಲೆ ನಡುಮನೆಯಿಂದಲೂ ರಿಲೇ ಸ್ಪಂದಿಸುತ್ತಿದೆ. ಸೆನ್ಸರ್ ಜೋಡಿಸುವವರೆಗೆ ತಾಯಿಯವರ ಮೊಬೈಲಿಗೆ ಇದನ್ನು ಕೊಡುವುದಿಲ್ಲ.