ಸಹಾಯ ಬೇಕು: ಒತ್ತಡದಿಂದ ಬರುವ ಫಿಟ್ಸ್‌ಗೆ ಡಿಪ್ರೆಶನ್ ಮಾತ್ರೆ ಕೆಲಸ ಮಾಡುತ್ತಾ?

ನಮಸ್ಕಾರ. ನಾವು ಮೂಡಿಗೆರೆ ಕಡೆಯವರು. ನನ್ನ ತಂಗಿಗೆ 2 ವರ್ಷದಿಂದ ಫಿಟ್ಸ್ ಬರುತ್ತಿದೆ. ಬಂದಾಗ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ತಲೆ ಅತ್ತಿತ್ತ ಆಡಿಸುತ್ತಾಳೆ, ಒಮ್ಮೊಮ್ಮೆ ಕಾಲು ಗಂಟೆ ಹಾಗೇ ಇರುತ್ತಾಳೆ, ಅಜ್ಜಿ ಓಡಿ ಬಂದು ಕೈಗೆ ಕಬ್ಬಿಣದ ಬೀಗದ ಕೈ ತುರುಕುತ್ತಾರೆ (ಅದರಿಂದ ಏನೂ ಆಗಲ್ಲ ಅಂದರೂ ಕೇಳಲ್ಲ). ಫಿಟ್ಸ್ ಮಾತ್ರೆ ಎಷ್ಟು ಜಾಸ್ತಿ ಮಾಡಿದರೂ ಕಡಿಮೆ ಆಗಲಿಲ್ಲ. ಕೊನೆಗೆ ಬೆಂಗಳೂರಿನಲ್ಲಿ ವಿಡಿಯೋ ಇಇಜಿ (ವಿಡಿಯೋ ತೆಗೆಯುತ್ತಾ ಮೆದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ) ಮಾಡಿಸಿದಾಗ ಇದು ಮೂರ್ಛೆರೋಗ ಅಲ್ಲ, ಮನಸ್ಸಿನ ಒತ್ತಡದಿಂದ ಬರೋದು ಅಂತ ಗೊತ್ತಾಯಿತು. ಅವಳು ಬೇಕಂತ ಮಾಡುತ್ತಿಲ್ಲ, ನೆಂಟರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಈಗ ಡಾಕ್ಟರ್ ಸರ್ಟ್ರಾಲಿನ್ ಅನ್ನೋ ಡಿಪ್ರೆಶನ್ ಮಾತ್ರೆ ಬರೆದಿದ್ದಾರೆ. ಇದನ್ನೇ ಅಮೆರಿಕದಲ್ಲಿ ಇಂಥದ್ದೇ ಫಿಟ್ಸ್ ಇರುವ 38 ಜನರ ಮೇಲೆ ಪರೀಕ್ಷೆ ಮಾಡಿ 2014ರಲ್ಲಿ ಪ್ರಕಟಿಸಿದ್ದಾರೆ. ಬರೀ ಮಾತ್ರೆ ತಗೊಂಡವರಿಗೆ ಫಿಟ್ಸ್ ಹೇಳಿಕೊಳ್ಳುವಷ್ಟು ಕಡಿಮೆ ಆಗಲಿಲ್ಲ, ಸಿಬಿಟಿ ಅನ್ನೋ ಮಾತಿನ ಚಿಕಿತ್ಸೆ ತಗೊಂಡವರಿಗೆ ಸುಮಾರು ಅರ್ಧಕ್ಕೆ ಇಳಿಯಿತು.

ಹಾಸನ ಅಥವಾ ಚಿಕ್ಕಮಗಳೂರಿನಲ್ಲಿ ಕನ್ನಡದಲ್ಲೇ ಸಿಬಿಟಿ ಮಾಡುವವರು ಯಾರಾದರೂ ಇದ್ದಾರಾ? ವಾರ ವಾರ ಬೆಂಗಳೂರಿಗೆ ಹೋಗೋಕೆ ಆಗಲ್ಲ, ಕಾಫಿ ಕುಯ್ಲು ಬೇರೆ ಶುರುವಾಗಿದೆ. ಈ ಮಾತ್ರೆ ತಗೊಂಡವರು ಇದ್ದರೆ ಹೇಗಿತ್ತು ಅಂತಲೂ ಹೇಳಿ. ನಾವಾಗೇ ನಿಲ್ಲಿಸೋದಿಲ್ಲ, ಏನಿದ್ದರೂ ಡಾಕ್ಟರನ್ನು ಕೇಳಿಯೇ.